ಉಜ್ವಲಾ ಖಾಲಿ ಬಿಟ್ಟ ಕಾಲಂ

ಉಜ್ವಲಾ ಸಿಸ್ಟರ್ ಬಗ್ಗೆ ಬರೆಯಲು ನಾನು ತಕ್ಕವನಲ್ಲ. ಆದರೂ ಬರೆಯುತ್ತೇನೆ, ಬೇರೆ ಯಾರೂ ಬರೆಯುವುದಿಲ್ಲವಾದ್ದರಿಂದ. ಔರಾದ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡಿರುವ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಕೆ ನರ್ಸು, ನಾನು ಔಷಧ ಕೊಡುವ ಪ್ರಭಾಕರ. ಊರಿನ ಹೆಸರು ಬೇಡ.

ಆಕೆಯ ತಂದೆ ಕಾಶೀರಾಮ ಭಾಲ್ಕಿಯಲ್ಲಿ ಬಸ್ಸುಗಳ ಟೈರು ಬದಲಿಸುತ್ತಿದ್ದವರು. ಆ ಮನೆತನದಲ್ಲಿ ಸರಕಾರಿ ನೌಕರಿ ಸೇರಿದ ಮೊದಲ ಹೆಣ್ಣುಮಗಳು ಈಕೆ. ಐದು ಹಳ್ಳಿ ತಿರುಗುತ್ತಿದ್ದಳು, ಸೊಸೆಯರ ಜೊತೆ ಕನ್ನಡ, ಅತ್ತೆಯರ ಜೊತೆ ಮರಾಠಿ. ಯಾವ ಬಸುರಿ ಕದ್ದು ಉಪ್ಪಿನಕಾಯಿ ತಿನ್ನುತ್ತಾಳೆ ಎಂಬುದೂ ಆಕೆಗೆ ಗೊತ್ತಿರುತ್ತಿತ್ತು.

ಆಗ ನಮಗೆ ಡಾಕ್ಟರ್ ಅನೀಲಕುಮಾರ ಇದ್ದರು. ಶನಿವಾರ ಮಧ್ಯಾಹ್ನ ಎಲ್ಲರನ್ನೂ ಬೇವಿನ ಗಿಡದ ಕೆಳಗೆ ಕೂಡಿಸಿ ಚಹಾ ತರಿಸುತ್ತಿದ್ದರು. "ಈ ವಾರ ನಂದು ಏನ್ ತಪ್ಪಾತು, ಮೊದಲ ನಾನೇ ಹೇಳ್ತೇನಿ. ಆಮ್ಯಾಲ ನೀವು ಹೇಳ್ರಿ" ಎನ್ನುತ್ತಿದ್ದರು. ಮೊದಮೊದಲು ನಾವು ತುಟಿ ಪಿಟಕ್ಕೆನ್ನಲಿಲ್ಲ. ಬರಬರುತ್ತ ಬಾಗಿಲು ಕಾಯುವ ಸಿಪಾಯಿ ಸಾಜಿದನೂ ಬಾಯಿ ಬಿಟ್ಟ. ಹೇಳಿದ ತಪ್ಪನ್ನು ಎಲ್ಲರೂ ಸೇರಿ ತಿದ್ದುತ್ತಿದ್ದೆವು.

ಅವರಿಗೆ ಬೀದರಿಗೆ ವರ್ಗವಾಯಿತು. ಹೊಸದಾಗಿ ಬಂದ ಡಾಕ್ಟರು ಕೆಟ್ಟವರೇನಲ್ಲ. ಮೇಲಿನವರ ಬೈಗುಳವನ್ನು ಕೆಳಗೆ ದಾಟಿಸುವುದಷ್ಟೇ ಅವರಿಗೆ ಗೊತ್ತಿತ್ತು. ಶನಿವಾರದ ಚಹಾ ನಿಂತಿತು. ತಪ್ಪು ಹೇಳಿಕೊಂಡವರಿಗೆ ನೋಟಿಸು ಬರತೊಡಗಿತು. ನಾವು ತಪ್ಪು ಹೇಳುವುದನ್ನು ಬಿಟ್ಟೆವು, ಮಾಡುವುದನ್ನು ಬಿಡಲಿಲ್ಲ.

ಆ ಮಳೆಗಾಲದಲ್ಲಿ ಉಜ್ವಲಾಳ ಬಿಪಿ ಮಶೀನು ಕೆಟ್ಟಿತು.

"ಕಾಕಾ, ಇನ್ನೊಂದು ಕೊಡ್ರಿ" ಎಂದು ನನ್ನ ಹತ್ತಿರ ಬಂದಳು.

"ಸ್ಟಾಕ್ ಇಲ್ರಿ ಸಿಸ್ಟರ್" ಎಂದೆ.

ಸುಳ್ಳು. ಅಲಮಾರಿಯಲ್ಲಿ ಸೀಲು ಒಡೆಯದ ಎರಡು ಹೊಸ ಪೆಟ್ಟಿಗೆಗಳಿದ್ದವು. ನಮ್ಮಲ್ಲಿ ಹೊಸ ಸಾಮಾನು ಇರುವುದು ತಪಾಸಣೆಗೆ ಬಂದವರಿಗೆ ತೋರಿಸಲು. ಹೊರಗೆ ಕೊಟ್ಟು ಅದು ಕೆಟ್ಟರೆ ಕೊಟ್ಟವನೇ ಉತ್ತರ ಹೇಳಬೇಕು. ನನ್ನ ನಿವೃತ್ತಿಗೆ ಹತ್ತೇ ತಿಂಗಳಿತ್ತು. ಆಕೆ ಮೂರು ಸಲ ಕೇಳಿದಳು. ಮೂರು ಸಲವೂ ಅದೇ ಉತ್ತರ ಕೊಟ್ಟೆ.

ಆ ತಿಂಗಳು ಆಕೆ ಬಿಪಿ ಕಾಲಂ ಖಾಲಿ ಬಿಟ್ಟು ವರದಿ ಕಳಿಸಿದಳು. ಕೂಡಲೇ ನೋಟಿಸು ಬಂತು. ಮರುತಿಂಗಳು ಎಲ್ಲ ಬಸುರಿಯರ ಹೆಸರಿನ ಮುಂದೆ ನೂರಾಹತ್ತು, ಎಪ್ಪತ್ತು ಎಂದು ಬರೆದಳು, ಅವರವರ ತಾಯಿ ಕಾರ್ಡಿನಲ್ಲೂ ಅದನ್ನೇ. ಯಾರೂ ಪ್ರಶ್ನೆ ಕೇಳದ ಅಂಕಿ ಅದು. ಡಾಕ್ಟರು ವಾಟ್ಸಾಪಿನಲ್ಲಿ ಹೆಬ್ಬೆರಳು ಕಳಿಸಿದರು.

ಅವರಲ್ಲಿ ಮಂಜಿರಿಯೂ ಇದ್ದಳು, ಎಂಟು ತಿಂಗಳ ಚೊಚ್ಚಲ ಬಸುರಿ. ಆಕೆಯ ಮುಖ, ಕಾಲು ಬಾತಿದ್ದನ್ನು ಕಂಡು ಉಜ್ವಲಾ ಬಿಪಿ ಏರಿರಬೇಕೆಂದು ಗಾಬರಿಯಾಗಿ, ಇವತ್ತೇ ಬೀದರಿಗೆ ಹೋಗಿ ತೋರಿಸಿ ಎಂದಳು. ಅತ್ತೆ ಅಂಜನಾಬಾಯಿ ಕಾರ್ಡು ತಂದು ಮುಂದೆ ಹಿಡಿದಳು.

"ನೀವೇ ಬರದೀರಿ ಸಿಸ್ಟರಬಾಯಿ, ಬಿಪಿ ಬರೋಬ್ಬರಿ ಅದ ಅಂತ. ಮತ್ತ ಯಾಕ ಹೋಗಬೇಕ್ರಿ?"

ಸ್ವಂತ ಅಕ್ಷರದ ಎದುರು ಉಜ್ವಲಾಳ ಮಾತು ನಡೆಯಲಿಲ್ಲ. ಮೂರನೆಯ ದಿನ ಮಂಜಿರಿಗೆ ಫಿಟ್ಸ್ ಬಂತು. ಬೀದರ ಮುಟ್ಟುವಷ್ಟರಲ್ಲಿ ಹೊಟ್ಟೆಯಲ್ಲಿದ್ದ ಕೂಸು ಹೋಗಿತ್ತು. ತಾಯಿ ಉಳಿದಳು.

ಬೀದರಿನ ಆರೋಗ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಣೆ ನಡೆಯಿತು, ನಮ್ಮಿಬ್ಬರನ್ನೂ ಕರೆಸಿದ್ದರು. ಈ ಅಂಕಿ ಬರೆದವರು ಯಾರು ಎಂದು ಸಾಹೇಬರು ಕೇಳಿದರು.

"ನಾನೇ ಬರದೀನ್ರಿ. ಮಶೀನ್ ಇದ್ದಿಲ್ರಿ. ಮೂರು ಸಲ ಕೇಳೀನ್ರಿ" ಎಂದಳು ಉಜ್ವಲಾ.

ಸಾಹೇಬರು ನನ್ನ ಸ್ಟಾಕ್ ಬುಕ್ಕು ತಿರುವಿದರು. "ಎರಡು ಮಶೀನು ಅವಲ್ರಿ ಇಲ್ಲಿ?"

ಉಜ್ವಲಾ ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಕಾಕಾ ಈಗ ನಿಜ ಹೇಳುತ್ತಾನೆ ಎಂದು ಕಾಯುತ್ತಿದ್ದಳು.

"ಸಿಸ್ಟರ್ ಕೇಳೇ ಇಲ್ರಿ ಸರ್" ಎಂದೆ.

ಆಕೆಗೆ ಬಡ್ತಿ ತಪ್ಪಿತು, ಭಾಲ್ಕಿ ತಾಲ್ಲೂಕಿನ ಮೆಹಕರ ಕಡೆಗೆ ವರ್ಗವಾಯಿತು. ನನಗೆ ಶಾಲು ಹೊದಿಸಿ, ಹಾರ ಹಾಕಿ ಬೀಳ್ಕೊಟ್ಟರು. ಆ ಹಾರ ಹಾಕಿಸಿಕೊಂಡ ಕೊರಳಿನ ಬಗ್ಗೆ ನನಗೆ ಈಗಲೂ ಹೇಸಿಗೆ.

ಹೋದ ತಿಂಗಳು ಮೆಹಕರಿಗೆ ಹೋದೆ. ಉಜ್ವಲಾ ಬಸುರಿಯರ ತಪಾಸಣೆ ಮುಗಿಸುತ್ತಿದ್ದಳು. "ಸಿಸ್ಟರ್, ಎಲ್ಲಾ ನಂದೇ ತಪ್ಪದ" ಎಂದು ಶುರು ಮಾಡಿದೆ. ಆಕೆ ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ ತೋಳಿಗೆ ಬಿಪಿ ಪಟ್ಟಿ ಸುತ್ತಿದಳು.

"ನೂರಾ ಎಪ್ಪತ್ತು, ನೂರು ಅದರಿ ಕಾಕಾ. ಇದು ಮಶೀನ್ ನೋಡಿ ಬರದೀನ್ರಿ" ಎಂದು ಚೀಟಿ ಕೊಟ್ಟಳು. "ಇವತ್ತೇ ಡಾಕ್ಟರಿಗೆ ತೋರಸ್ರಿ. ಆ ಮಾತು ನನಗ್ಯಾಕ ಹೇಳ್ತೀರಿ? ಮಂಜಿರಿಗೆ ಹೇಳ್ರಿ. ಆಕಿ ಇನ್ನಾ ನನಗೇ ಶಾಪ ಹಾಕ್ತಾಳ."

ಗುಳಿಗೆ ದಿನಾಲೂ ತಪ್ಪದೆ ನುಂಗುತ್ತೇನೆ. ಮಂಜಿರಿಯ ಊರಿಗೆ ದಿನಕ್ಕೆ ನಾಲ್ಕು ಬಸ್ಸುಗಳಿವೆ. ಎರಡು ಸಲ ಹತ್ತಿ, ನಡುದಾರಿಯ ಸಂತಪುರದ ತನಕ ಹೋಗಿ ತಿರುಗಿ ಬಂದಿದ್ದೇನೆ.