ಬೋರ್ಡ್ ಇಲ್ಲದ ಬೀದಿಯಲ್ಲಿ ನೀರಿನ ಕೂಲರ್

೧೯೯೦ರ ಸೆಪ್ಟೆಂಬರ್. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿ ತಿಂಗಳು ದಾಟಿತ್ತು. ಊರಿಗೆ ಮರಳಲು ಜೋರ್ಡಾನಿಗೆ ಹೋಗುವ ಬಸ್ಸಿನಲ್ಲಿ ನನಗೂ ನನ್ನ ಅಕ್ಕ ವಾರಿಜಳಿಗೂ ಸೀಟು ಸಿಕ್ಕಿತು. ಬಸ್ಸು ಮರುದಿನ ಬೆಳಿಗ್ಗೆ. ಅಕ್ಕ ಕುವೈತ್ ನಗರದ ಬ್ನೇದ್ ಅಲ್ ಗಾರ್‌ನಲ್ಲಿ ಒಬ್ಬ ಕುವೈತಿ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಅಲ್ಲಿಯ ಫೋನ್ ಸತ್ತು ವಾರವಾಗಿತ್ತು, ಬಸ್ಸಿನ ವಿಷಯ ಅವಳಿಗೆ ಗೊತ್ತೇ ಇಲ್ಲ. ಅವಳನ್ನು ಬಿಟ್ಟು ಹೋಗಿ ಅಮ್ಮನಿಗೆ ಮುಖ ತೋರಿಸುವುದು ನನ್ನಿಂದಾಗದ ಮಾತು.

ನಾನು ಅದೇ ನಗರದ ಶುವೈಖ್‌ನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯ ಗುಮಾಸ್ತ. ಎಲ್ಲವನ್ನೂ ಬರೆದಿಡುವುದರಲ್ಲಿ ಎತ್ತಿದ ಕೈ. ಅಕ್ಕನ ಮನೆಗೆ ಹೋದದ್ದು ಒಂದೇ ಸಲವಾದರೂ ಬ್ಲಾಕ್, ರಸ್ತೆ, ಮನೆ ನಂಬರ್ ಡೈರಿಯಲ್ಲಿತ್ತು. ಹೋಗಿ ನೋಡಿದರೆ ರಸ್ತೆಗೆ ಬೋರ್ಡಿಲ್ಲ, ಮನೆಗಳಿಗೆ ನಂಬರಿಲ್ಲ! ಸೈನಿಕರಿಗೆ ಯಾರ ಮನೆಯೂ ಸಿಗಬಾರದೆಂದು ಜನರೇ ಕಿತ್ತು ಹಾಕಿದ್ದರು. ದಾರಿ ಕೇಳಿದರೆ "ಗೊತ್ತಿಲ್ಲ" ಎಂದು ಬಾಗಿಲು ಹಾಕುತ್ತಿದ್ದರು. ಸುಡು ಬಿಸಿಲಿನಲ್ಲಿ ಎರಡು ಗಂಟೆ ಸುತ್ತಿದೆ. ಅಳು ಬಂತು, ನನ್ನ ಮೇಲೇ ಸಿಟ್ಟೂ ಬಂತು.

ಆಗ ನೆನಪಾದವರು ಬಂಟ್ವಾಳದ ಹಮೀದಾಕ. ಅಕ್ಕನಿದ್ದ ಬಡಾವಣೆಯಲ್ಲೇ ಒಂದು ಜಿನಸಿನ ಅಂಗಡಿಯಿಂದ ಮನೆಮನೆಗೆ ಸಾಮಾನು ಮುಟ್ಟಿಸುವವರು. ಒಂದಕ್ಷರ ಓದಲು ಬಾರದವರೆಂದು ನಾನು ಅವರನ್ನು ತಮಾಷೆ ಮಾಡಿದ್ದುಂಟು. ಅವರ ಅಂಗಡಿಗೆ ಓಡಿ ವಿಷಯ ಹೇಳಿದೆ.

"ಶೆಟ್ರೇ, ಆ ಡೈರಿ ಕಿಸೆಗೆ ಹಾಕಿ. ಅಕ್ಕನ ಮನೆ ಹತ್ರ ಎಂಥ ಉಂಟು ಹೇಳಿ" ಎಂದರು.

"ಎಂಥ ಅಂದ್ರೆ?"

"ಲೈಟ್ ಕಂಬ, ಬೆಂಚು, ಕಸದ ಡಬ್ಬಿ... ಎಂಥಾದ್ರೂ."

ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ನಂಬರ್ ಬರೆದುಕೊಳ್ಳುವ ಗಡಿಬಿಡಿಯಲ್ಲಿ ನಾನು ಬೀದಿಯನ್ನು ನೋಡಿಯೇ ಇರಲಿಲ್ಲ. ಕೊನೆಗೆ ಗೋಡೆಯ ಹೊರಗಿದ್ದ ಕುಡಿಯುವ ನೀರಿನ ಕೂಲರ್ ನೆನಪಾಯಿತು. ಸರಪಳಿಯಲ್ಲಿ ಕಟ್ಟಿದ ಸ್ಟೀಲ್ ಲೋಟ.

"ಕೂಲರ್ ಹತ್ತಿಪ್ಪತ್ತು ಉಂಟು ಮಾರಾಯ್ರೇ. ಲೋಟ ಎಷ್ಟು?"

"ಎರಡು. ಮೇಲೆ ಹಸಿರು ತಗಡಿನ ಮಾಡು."

"ಖಲಾಸ್, ಗೊತ್ತಾಯ್ತು! ಬನ್ನಿ."

ಸೊಟ್ಟ ಲೈಟ್ ಕಂಬದ ಹತ್ತಿರ ಎಡಕ್ಕೆ, ಕಾಲು ಮುರಿದ ಸಿಮೆಂಟ್ ಬೆಂಚಿನ ಹತ್ತಿರ ಬಲಕ್ಕೆ. ಹತ್ತು ನಿಮಿಷದಲ್ಲಿ ಕೂಲರ್ ಮುಂದೆ ನಿಂತಿದ್ದೆವು. ಗೇಟು ಬಡಿದರೆ ಯಾರೂ ತೆಗೆಯಲಿಲ್ಲ. ನಾನು ಬಾಯಿ ಬಿಟ್ಟು "ವಾರಿಜಕ್ಕಾ!" ಎಂದು ಕೂಗಿದೆ.

"ಬೊಬ್ಬೆ ಹೊಡೀಬೇಡಿ, ಮಿಲಿಟ್ರಿಯವರು ಬರ್ತಾರೆ!" ಹಮೀದಾಕ ನನ್ನ ಕೈ ಎಳೆದರು.

ಬರಲಿ ಎಂದು ಮತ್ತೆ ಕೂಗಿದೆ. ಮೂರನೆಯ ಕೂಗಿಗೆ ತಾರಸಿಯಲ್ಲಿ ಅಕ್ಕನ ಮುಖ ಕಂಡಿತು.

ಅಜ್ಜಿಯನ್ನು ಮಗಳ ಕೈಗೆ ಒಪ್ಪಿಸಿ ಅಕ್ಕ ಬ್ಯಾಗು ಹಿಡಿದು ಬಂದಳು. ಗೇಟು ದಾಟುವಾಗ ಕೂಲರ್ ಕಡೆ ನೋಡಿ ಕಣ್ಣೊರೆಸಿಕೊಂಡಳು. "ಮನೆ ಗುರುತು ಸಿಗ್ತದೆ ಅಂತ ಅಜ್ಜಿಯ ಮಕ್ಕಳು ಇದನ್ನೂ ತೆಗೀಲಿಕ್ಕೆ ಹೊರಟಿದ್ರು. ಅಜ್ಜಿ ಬಿಡ್ಲಿಲ್ಲ. ತೀರಿಹೋದ ಗಂಡನ ಹೆಸರಲ್ಲಿ ಇಟ್ಟ ನೀರು, ಯಾರಿಗೆ ಬೇಕಾಗ್ತದೋ ಏನೋ ಅಂದ್ರು."

ಆ ಅವಸರದಲ್ಲಿ ಅಲ್ಲಿ ಒಂದು ಗುಟುಕು ಕುಡಿಯಬೇಕೆಂದೂ ನನಗೆ ಹೊಳೆಯಲಿಲ್ಲ. ಇವತ್ತಿಗೂ ಬೀದಿಯಲ್ಲಿ ಯಾರಾದರೂ ಇಟ್ಟ ನೀರು ಕಂಡರೆ, ಬಾಯಾರಿಕೆ ಇರಲಿ ಬಿಡಲಿ, ನಿಂತು ಒಂದು ಲೋಟ ಕುಡಿದೇ ಮುಂದೆ ಹೋಗುತ್ತೇನೆ.