ತುಂಬಿದ ಹಗೇವಿನ ಸದ್ದು

ಆಗೆಲ್ಲ ನಮ್ಮ ಲೊಕ್ಕನಹಳ್ಳಿ ಕಡೆ ಒಂದು ಮನೆ ಎಷ್ಟು ಗಟ್ಟಿ ಅಂತ ತಿಳಿಯಬೇಕಾದರೆ ಯಾರೂ ಗೋಡೆ ನೋಡುತ್ತಿರಲಿಲ್ಲ, ಅಂಗಳದಲ್ಲಿ ಹಿಮ್ಮಡಿ ಕುಟ್ಟಿ ನೋಡುತ್ತಿದ್ದರು. ಅಂಗಳದ ಅಡಿಯಲ್ಲಿ ಹಗೇವು ಇರುತ್ತಿತ್ತು, ನೆಲದೊಳಗೆ ತೋಡಿದ ಕಣಜ. ಬಾಯಿ ಒಂದು ಮಗು ಇಳಿಯುವಷ್ಟು ಕಿರಿದು, ಹೊಟ್ಟೆ ಮಾತ್ರ ಕೋಣೆಯಷ್ಟು ಅಗಲ. ಸುತ್ತ ಹುಲ್ಲು ಒತ್ತಿ, ರಾಗಿ ಸುರಿದು, ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಮುಟ್ಟುತ್ತಿರಲಿಲ್ಲ. ತುಂಬಿದ್ದರೆ ಹಿಮ್ಮಡಿಗೆ ‘ದಪ್’ ಅನ್ನುತ್ತಿತ್ತು, ಬರಿದಾಗಿದ್ದರೆ ‘ದೊಂಯ್’. ಮಕ್ಕಳಾದ ನಮಗೆ ಅದೇ ಆಟ. ಬೀದಿಯುದ್ದಕ್ಕೂ ಅಂಗಳಗಳನ್ನು ಕುಟ್ಟಿಕೊಂಡು ಹೋಗಿ, ಯಾರ ಮನೆ ಬರಿದು ಅಂತ ಗಟ್ಟಿಯಾಗಿ ಕೂಗಿ, ಸರಿಯಾಗಿ ಬೈಸಿಕೊಂಡು ಓಡಿ ಬರುತ್ತಿದ್ದೆವು.

ನಮ್ಮ ಮನೆಯಲ್ಲಿ ನಾನೇ ಸಣ್ಣವಳು, ಹಾಗಾಗಿ ಹಗೇವಿಗೆ ಇಳಿಯುವ ಕೆಲಸ ನನ್ನದು. ಅಪ್ಪನ ತಾಯಿ, ನನ್ನಜ್ಜಿ, ಚಪ್ಪಡಿ ಸರಿಸಿ ಒಂದು ದಿನ ಗಾಳಿಯಾಡಲು ಬಿಟ್ಟು, ಆಮೇಲೆ ಲಾಟೀನನ್ನು ಹಗ್ಗಕ್ಕೆ ಕಟ್ಟಿ ಒಳಗೆ ಬಿಡುತ್ತಿದ್ದಳು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟದ್ದು, ಇಳಿದವರು ಬದುಕುವುದಿಲ್ಲ. ಉರಿಯುತ್ತಿದ್ದರೆ ನನ್ನ ಸೊಂಟಕ್ಕೆ ಹಗ್ಗ. ಕಾಲಿಟ್ಟರೆ ತಣ್ಣನೆಯ ರಾಗಿ ಮೊಣಕಾಲಿನವರೆಗೆ ಹೂತುಕೊಳ್ಳುತ್ತಿತ್ತು. ಹಳೇ ಹುಲ್ಲಿನದೊಂದು ಮುಗ್ಗಲು ಘಮ. ಮುದ್ದೆಗೆ ನಮ್ಮ ಕಡೆ ಹಿಟ್ಟು ಅನ್ನುತ್ತೇವೆ. ಆ ರಾಗಿಯ ಹಿಟ್ಟಿನಲ್ಲೂ ಆ ಘಮ ಸ್ವಲ್ಪ ಉಳಿದಿರುತ್ತಿತ್ತು. ಹುರುಳಿ ಸಾರಿನಲ್ಲಿ ಅದ್ದಿ ನುಂಗುತ್ತಿದ್ದದ್ದು ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ.

ಮುಸುಕಿನ ಜೋಳ ನಮ್ಮೂರಿಗೆ ಬಂದದ್ದು ಕೃಷಿ ಇಲಾಖೆಯ ಜೀಪಿನಲ್ಲಿ. ಅದರ ಬೀಜಕ್ಕೆ ಸಬ್ಸಿಡಿ, ಗೊಬ್ಬರಕ್ಕೆ ಸಬ್ಸಿಡಿ, ರಾಗಿಯ ಮಾತೇ ಇಲ್ಲ. ಕೋಳಿ ಮೇವಿಗೆ ಬೇಕೆಂದು ತಮಿಳುನಾಡಿನ ಲಾರಿಗಳು ಹೊಲದ ಬದುವಿಗೇ ಬಂದು ನಿಂತವು. “ಮನುಸ್ರು ತಿನ್ನೋದ್ಕಿಂತ ಕೋಳಿ ತಿನ್ನೋದ್ಕೇ ರೇಟು ಜಾಸ್ತಿ ಕಣವ್ವ,” ಅಂತ ಅಪ್ಪ ನಗಾಡಿಕೊಂಡು ಇದ್ದ ಹೊಲಕ್ಕೆಲ್ಲ ಜೋಳ ಹಾಕಿದ. ಒಂದೆರಡು ವರ್ಷ ಚೆನ್ನಾಗಿಯೇ ಇತ್ತು, ನನಗೆ ಹೊಸ ಲಂಗವೂ ಬಂತು. ಆಮೇಲೊಂದು ಸುಗ್ಗಿಯಲ್ಲಿ ಬೆಲೆ ಬಿದ್ದುಹೋಯಿತು, ಲಾರಿ ಬರಲಿಲ್ಲ. ಸರ್ಕಾರವೇ ಕೊಳ್ಳುತ್ತದಂತೆ ಅಂತ ಊರೆಲ್ಲ ಕಾಯಿತು, ಅದೂ ಆಗಲಿಲ್ಲ. ಕಣದಲ್ಲಿ ಹಳದಿ ರಾಶಿ ಬಿದ್ದಿತ್ತು, ಮೇಲೆ ಮೋಡ ಕಟ್ಟುತ್ತಿತ್ತು.

“ಅಗೇವ್ಗೆ ಸುರೀರ್ಲಾ,” ಅಂದಳು ಅಜ್ಜಿ. ಒಂದು ಕಾಳು ಬಾಯಿಗೆ ಹಾಕಿ ಕಚ್ಚಿದಳು, ಕಟುಕ್ಕೆಂದಿತು. “ಒಣಗೈತೆ. ರಾಗಿ ಮಡಿಕಂಡಿದ್ದ ಒಟ್ಟೆ, ಇದ್ನ ಮಡಿಕಳಲ್ವಾ?”

ಯಾರೂ ಇಲ್ಲ ಅನ್ನಲಿಲ್ಲ. ಮೇಲೆ ಒಣಗಿದ ಜೋಳದ ಒಳಗೆ ಹಸಿ ಉಳಿದಿರುತ್ತದೆ ಅಂತ ರಾಗಿ ಬೆಳೆದ ಜನಕ್ಕೆ ಹೇಗೆ ಗೊತ್ತಾಗಬೇಕು? ತಳದಲ್ಲಿದ್ದ ರಾಗಿಯನ್ನು ನಾನೇ ಇಳಿದು ಬಾಚಿ ಕೊಟ್ಟೆ. ಅದು ಒಳಮನೆಯ ಗುಡಾಣಕ್ಕೆ ಹೋಯಿತು, ಜೋಳ ಹಗೇವು ಸೇರಿತು. ಮಣ್ಣು ಮೆತ್ತಿದ ಮೇಲೆ ಹಿಮ್ಮಡಿ ಕುಟ್ಟಿದೆ. ದಪ್.

ಕಟ್ಟಿದ ಮೋಡ ಹನಿಯಲಿಲ್ಲ. ಮುಂದಿನ ಮುಂಗಾರೂ ಇಲ್ಲ, ಹಿಂಗಾರೂ ಇಲ್ಲ. ಬಿತ್ತಿದ ಜೋಳ ಸೊಂಟದುದ್ದ ಬಂದು ಎಲೆ ಸುರುಟಿಕೊಂಡು ನಿಂತಿತು. ತೆನೆ ಬಿಡಿಸಿದರೆ ಮುಸುಕಿನೊಳಗೆ ಬರೀ ಬೆಂಡು. ಊರಲ್ಲಿ ಒಲೆ ಹೊಗೆಯುವುದು ಕಡಿಮೆಯಾಯಿತು. ಪಕ್ಕದ ಮನೆಯ ಮಾದಮ್ಮ ಮಕ್ಕಳನ್ನು ಕಟ್ಟಿಕೊಂಡು ಮೊರ ಹಿಡಿದು ಬಾಗಿಲಿಗೆ ಬಂದಾಗಲೆಲ್ಲ ಅಜ್ಜಿ ಗುಡಾಣದಿಂದ ರಾಗಿ ಬಾಚಿ ಹಾಕುತ್ತಿದ್ದಳು. ಗುಡಾಣದ ತಳ ಕಂಡ ಮೇಲೆ ಬೂದಿ ಬೆರೆಸಿ ಕಟ್ಟಿಟ್ಟಿದ್ದ ಬಿತ್ತನೆ ರಾಗಿಯ ಗಡಿಗೆಗೂ ಕೈ ಹಾಕಿದಳು. ನನ್ನವ್ವ ಅಡ್ಡ ಬಂದಳು.

“ಬಿತ್ನೆ ರಾಗಿ ಕಣತ್ತೆ ಅದು. ಅದ್ನೂ ಕೊಟ್ಬುಟ್ರೆ ನಾಳೀಕೆ?”

“ಅಗೇವು ತುಂಬೈತಲ್ಲ. ಬಿತ್ನೆ ಯಾರತ್ರನಾರ ಇಸ್ಕಬೌದು, ಆ ಐಕ್ಳು ಇವತ್ತು ತಿನ್ಬೇಕಲ್ಲವ್ವ,” ಅಂದು ಅಜ್ಜಿ ನನ್ನ ಕಡೆ ತಿರುಗಿದಳು. “ಓಗು, ಕುಟ್ಬುಟ್ಟು ಬಾ.”

ಕುಟ್ಟಿ ಬಂದೆ.

“ಏನಂತಮ್ಮಿ?”

“ತುಂಬೈತೆ ಅಂತು ಅಜ್ಜಿ.”

ಹಾಗಂದಾಗಲೆಲ್ಲ ಅವಳ ಮುಖ ಅರಳುತ್ತಿತ್ತು. ಅರೆಹೊಟ್ಟೆಯಲ್ಲಿ ಮಲಗುವ ಮುಂಚೆ ನಾನೂ ಹೋಗಿ ಒಂದು ಸಲ ಕುಟ್ಟಿ ಬರುತ್ತಿದ್ದೆ. ಆ ಸದ್ದು ಕೇಳಿದರೆ ನಿದ್ದೆ ಬರುತ್ತಿತ್ತು.

ಮನೆಯೊಳಗಿನದು ಮುಗಿಯುವ ತನಕ ಹಗೇವಿನ ಬಾಯಿ ತೆಗೆಯುವ ಪದ್ಧತಿಯಿರಲಿಲ್ಲ. ಕೊನೆಗೆ ತೆಗೆದ ದಿನ ನೆರೆಹೊರೆಯವರೆಲ್ಲ ಕುಕ್ಕೆ, ಮೊರ ಹಿಡಿದು ಅಂಗಳದಲ್ಲಿ ನಿಂತಿದ್ದರು. ಅಜ್ಜಿ ಎಲ್ಲರಿಗೂ ಹೇಳಿ ಕಳಿಸಿದ್ದಳು. ಚಪ್ಪಡಿ ಸರಿದದ್ದೇ ಹುಳಿ ಹೆಂಡದಂಥ ವಾಸನೆ ಮುಖಕ್ಕೆ ಹೊಡೆಯಿತು. “ಗಾಳಿ ಆಡ್ಲಿ, ಸರಿ ಓಯ್ತದೆ,” ಅಂದ ಅಪ್ಪ. ಮಾರನೆಯ ಬೆಳಿಗ್ಗೆ ಮತ್ತೆ ಎಲ್ಲರೂ ಬಂದರು. ನನ್ನ ಸೊಂಟಕ್ಕೆ ಹಗ್ಗ ಬಿಗಿದಾಗಿತ್ತು. ಲಾಟೀನು ಬಾಯಿ ದಾಟಿ ಇನ್ನೂ ಒಂದು ಮೊಳ ಇಳಿದಿರಲಿಲ್ಲ, ದೀಪ ಆರಿತು. ಹಚ್ಚಿ ಬಿಟ್ಟರು, ಮತ್ತೆ ಆರಿತು. ಕೆಳಗಿಂದ ಯಾರೋ ಬತ್ತಿ ಚಿವುಟಿದ ಹಾಗೆ.

“ಇಳೀಬ್ಯಾಡ ಕಣಮ್ಮಿ, ಇಳೀಬ್ಯಾಡ,” ಅಂತ ಅಜ್ಜಿ ನನ್ನ ಸೊಂಟದ ಗಂಟು ಬಿಚ್ಚತೊಡಗಿದಳು. ಅವಸರದಲ್ಲಿ ಅವಳ ಬೆರಳು ಎಳೆದಷ್ಟೂ ಗಂಟು ಇನ್ನಷ್ಟು ಬಿಗಿಯುತ್ತಿತ್ತು. ಆ ಬೆರಳುಗಳು ಈಗಲೂ ಕೆಲವು ಸಲ ನನ್ನ ಸೊಂಟದ ಹತ್ತಿರ ತಡಕಾಡಿದಂತಾಗುತ್ತದೆ.

ಅಪ್ಪ ಗಳದ ತುದಿಗೆ ಸಣ್ಣ ಕುಕ್ಕೆ ಕಟ್ಟಿ ತೋಡಿದ. ಬಂದದ್ದು ಕರಿ ಹಸಿರು ಹೆಂಟೆ, ಇನ್ನೂ ಬಿಸಿ ಬಿಸಿ. ಆಳದಿಂದ ತೋಡಿದರೂ ಅದೇ. ಹಸುವಿನ ಮುಂದಿಟ್ಟ. ಹೊಟ್ಟೆ ಬೆನ್ನಿಗಂಟಿದ್ದ ಆ ಹಸು ಕೂಡ ಮೂಸಿ ನೋಡಿ ಮುಖ ತಿರುಗಿಸಿತು. ಮಾದಮ್ಮ ಬರಿ ಮೊರವನ್ನು ಎದೆಗವಚಿಕೊಂಡು, “ಇರ್ಲಿ ಬುಡವ್ವ,” ಅಂದು ನಡೆದಳು. ಹಿಂದೆಯೇ ಎಲ್ಲರೂ ಹೋದರು. ಅಜ್ಜಿ ಚಪ್ಪಡಿಯ ಮೇಲೆ ಕೂತೇ ಇದ್ದಳು.

ಆಮೇಲೆ ಬರಗಾಲದ ಕಾಮಗಾರಿ ಬಂತು. ಅಪ್ಪ, ಅವ್ವ ಕೆರೆಯ ಮಣ್ಣು ಹೊತ್ತರು, ಕೂಲಿಗೆ ಅಕ್ಕಿ ಕೊಟ್ಟರು. ಬೆಳ್ಳಗಿನ ಅನ್ನ ಎಷ್ಟು ಉಂಡರೂ ಸ್ವಲ್ಪ ಹೊತ್ತಿಗೆ ಹಸಿವು. ಅಜ್ಜಿ ತನ್ನ ತಟ್ಟೆಯಲ್ಲಿದ್ದದ್ದನ್ನು ನನ್ನ ಕಡೆಗೆ ತಳ್ಳುತ್ತಿದ್ದಳು. “ನಂಗೆ ಸಾಕು ಕಣಮ್ಮಿ. ಒಟ್ಟೆ ತುಂಬೈತೆ,” ಅನ್ನುತ್ತಿದ್ದಳು. ನಾನು ನಂಬಿ ತಿನ್ನುತ್ತಿದ್ದೆ. ಮಳೆ ಬಂದಾಗ ಅವಳಿರಲಿಲ್ಲ. ಮಕ್ಕಳು ಮರಿ ಬಿದ್ದಾವೆಂದು ಅಪ್ಪ ಹಗೇವಿಗೆ ಮಣ್ಣು ತುಂಬಿಸಿದ.

ಈಗ ಊರಲ್ಲಿ ಯಾರ ಮನೆಯಲ್ಲೂ ಹಗೇವಿಲ್ಲ. ಬೀಜ ಪಾಕೀಟಿನಲ್ಲಿ ಬರುತ್ತದೆ, ಜೋಳ ಲಾರಿಯಲ್ಲಿ ಹೋಗುತ್ತದೆ, ಅಕ್ಕಿ ರೇಷನ್ ಅಂಗಡಿಯಿಂದ. ಹಸಿವಿಲ್ಲ, ಸುಳ್ಳು ಹೇಳಬಾರದು. ಆದರೆ ಅಜ್ಜಿ ಕೊಟ್ಟುಬಿಟ್ಟ ಆ ಗಡಿಗೆಯ ರಾಗಿಯ ತಳಿಯನ್ನು ಮಾಂಬಳ್ಳಿಯ ತನಕ ಹೋಗಿ ಕೇಳಿದ್ದೇನೆ, ಯಾರ ಹತ್ತಿರವೂ ಇಲ್ಲ. ನಾಳೆಯ ಊಟ ನಮ್ಮ ಕಾಲ ಕೆಳಗೇ ಇದೆ ಅನ್ನುವ ಆ ನಿಶ್ಚಿಂತೆಯೂ ಮತ್ತೆ ಬರಲಿಲ್ಲ.

ಊರಿಗೆ ಹೋದಾಗ ಯಾರೂ ಇಲ್ಲದ್ದು ನೋಡಿಕೊಂಡು ಅಂಗಳದ ಆ ಜಾಗದಲ್ಲಿ ಹಿಮ್ಮಡಿ ಕುಟ್ಟುತ್ತೇನೆ. ಇವತ್ತಿಗೂ ದಪ್ ಅನ್ನುತ್ತದೆ. ಏನಂತಮ್ಮಿ ಅಂತ ಕೇಳಲು ಅಜ್ಜಿ ಇಲ್ಲದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಅವಳಿಗೆ ನಾನು ಮತ್ತೆ ತುಂಬೈತೆ ಅಂತಲೇ ಹೇಳಬೇಕಾಗುತ್ತಿತ್ತು.