ಟವೆಲ್ಲಿನ ಕೆಳಗೆ ಕೊಟ್ಟ ಮಾತು

ದಲಾಲಿ ಮಾಮನ ಬಲಗೈ ಎಡಗೈಗಿಂತ ಮೆತ್ತಗಿತ್ತು. ಚೀಲ ಹೊರುವುದು, ಕೊಡ ಎತ್ತುವುದು ಎಲ್ಲ ಎಡಗೈಯಲ್ಲೇ. ರಸ್ತೆಯಲ್ಲಿ ನಡೆಯುವಾಗಲೂ ಬಲಗೈಯನ್ನು ಹೆಗಲಿನ ಟವೆಲ್ಲಿನ ಕೆಳಗೆ ಮುಚ್ಚಿಕೊಂಡಿರುತ್ತಿದ್ದ ಎಂದು ನನ್ನ ನೆನಪು. ಆಮೇಲೆ ನಡೆದದ್ದನ್ನು ತಿಳಿದು ನಾನೇ ಇದನ್ನು ಸೇರಿಸಿಕೊಂಡಿರಲೂಬಹುದು.

ಅವನು ಬಳ್ಳಾರಿಯ ನಮ್ಮ ಓಣಿಯವನು, ಹತ್ತಿಯ ದಲಾಲಿ. ಮಾರುವವರೂ ಕೊಳ್ಳುವವರೂ ಟವೆಲ್ಲಿನ ಕೆಳಗೆ ಅವನ ಬಲಗೈಯ ಬೆರಳು ಹಿಡಿದು ದರ ಹೇಳುತ್ತಿದ್ದರು. ಸುತ್ತ ನಿಂತವರಿಗೆ ಏನೂ ಕಾಣುತ್ತಿರಲಿಲ್ಲ. ಬೆರಳು ಹಿಡಿದ ಮೇಲೆ ಆ ದರಕ್ಕೆ ಯಾರೂ ಇಲ್ಲವೆನ್ನುವಂತಿರಲಿಲ್ಲ. "ಲೇ ಅಳಿಯಾ, ನೀ ಓದಿದ್ದು ಬಾಯಾಗ ಐತಿ, ನಂದು ಕೈಯಾಗ ಐತಿ" ಎಂದು, ವಿಶ್ವವಿದ್ಯಾಲಯದಿಂದ ರಜೆಗೆ ಬಂದ ನನ್ನನ್ನು ಛೇಡಿಸುತ್ತಿದ್ದ.

ಎಪ್ಪತ್ತರ ದಶಕದಲ್ಲಿ, ದೇಶದ ಎಲ್ಲ ಕಡೆಯಿಂದ ಜನ ಬಂದು ಸಮ್ಮೇಳನ ನಡೆಸುವಂಥ ಭವನ ಊರಿಗೆ ಬೇಕೆಂಬ ಮಾತು ಎದ್ದಿತು. ಕಂಟೋನ್ಮೆಂಟಿನ ಜಾಗ ಸರ್ಕಾರದ್ದು. ಕಟ್ಟುವ ಖರ್ಚಿನಲ್ಲಿ ಸರ್ಕಾರಕ್ಕೂ ವ್ಯಾಪಾರಸ್ಥರಿಗೂ ಪಾಲು. ಸಿರುಗುಪ್ಪದ ಅಕ್ಕಿ ಗಿರಣಿಯವರನ್ನೂ ಕುರುಗೋಡಿನ ಹತ್ತಿ ವ್ಯಾಪಾರಿಗಳನ್ನೂ ಒಪ್ಪಿಸಲು ಮಾಮ ಬಸ್ಸಿನಲ್ಲಿ ತಿರುಗಿದ. ಅವರೆಲ್ಲರದೂ ಒಂದೇ ಪ್ರಶ್ನೆ: ಸರ್ಕಾರ ಎಷ್ಟು ಹಾಕುತ್ತದೆ?

ಕೊನೆಗೆ ಅಧಿಕಾರಿಯೊಬ್ಬರ ಬಂಗಲೆಯಲ್ಲಿ ಎಲ್ಲರೂ ಸೇರಿದರು. ಮಾಮನ ಜೊತೆ ನಾನೂ ಹೋಗಿದ್ದೆ. ಅಧಿಕಾರಿ ಭವನದ ಅಂದಚೆಂದವನ್ನೆಲ್ಲ ಹೇಳಿದರು, ಸರ್ಕಾರದ ಪಾಲನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

"ಬಾಯಿಲೆ ಬ್ಯಾಡ್ರಿ ಸಾಹೇಬ್ರ, ಕೈಲೆ ಹೇಳ್ರಿ" ಎಂದು ಮಾಮ ಟವೆಲ್ ಹಾಸಿ ಕೈ ಚಾಚಿದ. "ಪೂರಾಕ್ಕ ಐದೂ ಬೆರಳು, ಅರ್ಧಕ್ಕ ನಡುವಿನ ಎರಡು."

ಎಲ್ಲರೂ ನಕ್ಕರು. ಅಧಿಕಾರಿಯೂ ನಗುತ್ತ ಒಳಗೆ ಕೈ ತೂರಿಸಿದರು. ಮಾಮನ ನಗು ನಿಂತಿತು. ವ್ಯಾಪಾರಸ್ಥರತ್ತ ತಿರುಗಿ, ಅರ್ಧ ಸರ್ಕಾರದ್ದು ಎಂದ. ಅಧಿಕಾರಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ, ಚಹಾ ತರಿಸಿದರು.

ಆ ಮಾತಿನ ಮೇಲೆ ವ್ಯಾಪಾರಸ್ಥರು ಹಣ ಹಾಕಿ ಪಾಯ ತೋಡಿಸಿದರು. ಸರ್ಕಾರದಿಂದ ಏನೂ ಬರಲಿಲ್ಲ. ಕೇಳಲು ಹೋದವರಿಗೆ ಅಧಿಕಾರಿ, ತಾನು ತಮಾಷೆಗೆ ಕೈ ಇಟ್ಟದ್ದು, ಯಾವ ಬೆರಳನ್ನೂ ಹಿಡಿದಿಲ್ಲ ಎಂದರಂತೆ. ಸಿರುಗುಪ್ಪದ ಗಿರಣಿಯವರು ನೇರ ಮಾಮನ ಮನೆಗೆ ಬಂದರು. ಬೈಯಲಿಲ್ಲ. "ನಾವು ನಂಬಿದ್ದು ನಿನ್ನ ಕೈ ಅಣ್ಣಾ, ಸರ್ಕಾರ ಅಲ್ಲ" ಎಂದು ಹೇಳಿ ಎದ್ದು ಹೋದರು.

ಮಾಮ ನನ್ನತ್ತ ನೋಡಿದ. "ನೀ ಬಾಜೂಕ ಇದ್ದಿ. ನೋಡಿದ್ಯಲ್ಲ?"

ಟವೆಲ್ ಅಲುಗಿದ್ದು ಕಂಡಿತು, ಕೈ ಕಾಣಲಿಲ್ಲ ಎಂದೆ. ನಿಜವೂ ಅದೇ.

"ಟವೆಲ್ ಇರೋದ ಅದಕ್ಕ, ಲೇ" ಎಂದ.

ಆಮೇಲೆ ಮಾರುಕಟ್ಟೆಯಲ್ಲಿ ಯಾರೂ ಅವನ ಟವೆಲ್ಲಿನೊಳಗೆ ಕೈ ಇಡಲಿಲ್ಲ. ಆದರೂ ದಿನಾ ಹೋಗಿ, ಹತ್ತಿ ತುಂಬಿದ ಅಂಡಿಗೆಗಳ ನಡುವೆ ಕೂತು ಬರುತ್ತಿದ್ದ. ಕಂಟೋನ್ಮೆಂಟಿನ ಪಾಯದಲ್ಲಿ ಜಾಲಿ ಬೆಳೆಯಿತು.

ಕೆಲವು ವರ್ಷಗಳ ಮೇಲೆ ಗಂಟಲ ಬೇನೆಯಿಂದ ಅವನ ಮಾತು ನಿಂತುಹೋಯಿತು. ನೋಡಲು ಹೋದಾಗ ಹೊದಿಕೆಯ ಕೆಳಗೆ ನನ್ನ ಕೈ ಹುಡುಕಿ, ನಡುವಿನ ಎರಡು ಬೆರಳು ಹಿಡಿದು ಒತ್ತಿದ. ಬಿಡಲಿಲ್ಲ. ಕಣ್ಣು ನನ್ನ ಮೇಲೇ ಇತ್ತು. ಅರ್ಧ, ಮಾಮ, ಎಂದೆ. ಆಗ ಬಿಟ್ಟ. ಅದೇ ವಾರ ತೀರಿಕೊಂಡ.

ಬಂಗಲೆಯಲ್ಲಿ ಕಂಡದ್ದರ ಬಗ್ಗೆ ನನಗೀಗ ಖಾತ್ರಿಯಿಲ್ಲ; ಟವೆಲ್ಲಿನ ಬಣ್ಣವೂ ಮರೆತಿದೆ. ಸಾಯುವವನ ಹಿಡಿತ ಸಾಕ್ಷಿಯಾಗುವುದಿಲ್ಲ ಎಂಬುದೂ ಗೊತ್ತು. ಆದರೆ ಯಾರಾದರೂ ಆ ಭವನದ ಮಾತೆತ್ತಿದರೆ, ಸರ್ಕಾರ ಅರ್ಧಕ್ಕೆ ಒಪ್ಪಿತ್ತು ಎಂದೇ ಹೇಳುತ್ತೇನೆ.